ಹಲಗೆ ಇನ್ನೂ ಕಾಣುತ್ತಿರುವ ಲೇಔಟನ್ನು ಬಿಚ್ಚಬೇಕೇ?

ಪ್ರಶ್ನೆ: ಎರಡು ವರ್ಷಗಳಿಂದ ಮನೆಯ ಒಂದು ಕೋಣೆಯಲ್ಲಿ ಎಚ್‌ಒ ಅಳತೆಯ ಮಾದರಿ ರೈಲುಮಾರ್ಗ, ಎಂದರೆ ಲೇಔಟ್, ಕಟ್ಟುತ್ತಿದ್ದೇನೆ. ಹಲಗೆ 3 ಮೀಟರ್ ಉದ್ದ, 1.5 ಮೀಟರ್ ಅಗಲವಿದ್ದು, ಒಂದು ಉದ್ದಬದಿ ಮತ್ತು ಒಂದು ಗಿಡ್ಡಬದಿ ಗೋಡೆಗೆ ತಾಗಿವೆ. 56 ಮತ್ತು 62 ಸೆಂ.ಮೀ. ತ್ರಿಜ್ಯದ ಎರಡು ಸುತ್ತುಹಳಿಗಳಿವೆ. ಮುಂದೆ ಐದು ಪಾಯಿಂಟುಗಳ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಜೋಡಣೆಗಳು) ಯಾರ್ಡ್, ಎಂದರೆ ಗಾಡಿಗಳನ್ನು ನಿಲ್ಲಿಸಿ ಜೋಡಿಸುವ ಜಾಗ, ಇದೆ. ಹಿಂದೆ ಸುತ್ತುಹಳಿಗಳನ್ನು ಸೇತುವೆಯ ಮೇಲೆ ದಾಟಿ ಎತ್ತರದ ನಿಲ್ದಾಣಕ್ಕೆ ಹೋಗುವ ಒಂದು ಕವಲು ಇದೆ. ಈ ಕವಲು 2.4 ಮೀಟರ್ ದೂರದಲ್ಲಿ 9 ಸೆಂ.ಮೀ. ಏರುತ್ತದೆ. ನಿಯಂತ್ರಣ ಡಿಜಿಟಲ್. ಚಿಕ್ಕ ಶಂಟಿಂಗ್ ಎಂಜಿನ್ ಯಾರ್ಡಿನಲ್ಲಿ ನಿಂತುಬಿಡುತ್ತದೆ, 30 ಸೆಂ.ಮೀ. ಉದ್ದದ ಬೋಗಿಗಳು ಹಳಿ ತಪ್ಪುತ್ತವೆ, ಐದು ಬೋಗಿಗಳ ರೈಲು ಏರು ಹತ್ತುವುದಿಲ್ಲ. ಹಳಿಗಳನ್ನು ಮರಳುಕಾಗದದಿಂದ ಎಷ್ಟೋ ಸಲ ಉಜ್ಜಿದ್ದೇನೆ. ನಮ್ಮ ಹವ್ಯಾಸಿ ಬಳಗದಲ್ಲಿ ಎಲ್ಲರೂ ತಿಂಗಳಿಗೊಮ್ಮೆ ತಮ್ಮ ಲೇಔಟಿನ ಪ್ರಗತಿ ತೋರಿಸುತ್ತಾರೆ. ಅವರ ಬೆಟ್ಟ, ಮರ, ದೀಪಗಳ ಎದುರು ನನ್ನ ಬರಿಯ ಹಲಗೆ ತೋರಿಸಲು ಮನಸ್ಸಾಗದೆ ಏಳು ತಿಂಗಳಿಂದ ಸುಮ್ಮನಿದ್ದೇನೆ. ಎಲ್ಲ ಬಿಚ್ಚಿ ಹೊಸದಾಗಿ ಆರಂಭಿಸಲೇ, ಇಲ್ಲವೇ ಬೆಟ್ಟ ಗುಡ್ಡ ಮಾಡಿ ಮುಗಿಸಿಬಿಡಲೇ?

ಉತ್ತರ: ಬಿಚ್ಚಬೇಡಿ, ಬೆಟ್ಟ ಗುಡ್ಡಗಳಿಗೂ ಈಗಲೇ ಕೈ ಹಾಕಬೇಡಿ. ನೀವು ಹೇಳಿರುವ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ. ಅವುಗಳಲ್ಲಿ ಎರಡನ್ನು ಹಲಗೆಗೆ ಗರಗಸ ತಾಗಿಸದೆಯೇ ಸರಿಪಡಿಸಬಹುದು, ಮೂರನೆಯದಕ್ಕೆ ಹಿಂಭಾಗದ ಒಂದು ತುಂಡನ್ನು ಮಾತ್ರ ಕತ್ತರಿಸಬೇಕಾಗುತ್ತದೆ. ನನ್ನ ಲೆಕ್ಕದಲ್ಲಿ ಮನೆಯ ಲೇಔಟಿನ ಪ್ರಗತಿಗೆ ಇರುವ ಅಳತೆಗೋಲು ಒಂದೇ: ರೈಲು ಕೈ ಸೋಕಿಸಿಕೊಳ್ಳದೆ ಎಷ್ಟು ದೂರ ಓಡುತ್ತದೆ ಎಂಬುದು. ಮರಗಳ ಸಂಖ್ಯೆಯಿಂದ ಅದನ್ನು ಅಳೆಯಲಾಗದು. ಹಾಗಾಗಿ ಬಳಗದ ಮುಂದೆ ಈ ತಿಂಗಳು ಏನನ್ನು ತೋರಿಸಬೇಕು ಎಂಬ ನಿಮ್ಮ ಸಂಕೋಚಕ್ಕೂ ಈ ದುರಸ್ತಿಯಲ್ಲೇ ಉತ್ತರವಿದೆ.

ಮೊದಲು ಗೋಡೆಯ ವಿಷಯ, ಏಕೆಂದರೆ ಉಳಿದ ಕೆಲಸವೆಲ್ಲ ಅದರ ಮೇಲೆ ನಿಂತಿದೆ. ಹಲಗೆಯ ಅಂಚಿನಿಂದ ಕೈ ಚಾಚಿ ಸಲೀಸಾಗಿ ಕೆಲಸ ಮಾಡಬಲ್ಲ ದೂರ ಹೆಚ್ಚೆಂದರೆ 75 ಸೆಂ.ಮೀ. ನಿಮ್ಮ ಹಲಗೆಯ ಅಗಲ ಅದರ ಎರಡರಷ್ಟಿದೆ, ಹಿಂಬದಿ ಗೋಡೆಗೆ ಅಂಟಿದೆ. ಅಲ್ಲಿ ಹಳಿ ತಪ್ಪಿದ ಬೋಗಿಯನ್ನು ಎತ್ತಿಡಬೇಕಾದರೆ ನೀವು ಮುಂದಿನ ಯಾರ್ಡಿನ ಮೇಲೆ ಮೈಭಾರ ಹಾಕಿ ಬಾಗಬೇಕಾಗುತ್ತದೆ. ಕೈ ತಲುಪದ ಹಳಿಯನ್ನು ಯಾರೂ ಒರೆಸುವುದಿಲ್ಲ, ಒರೆಸದ ಹಳಿಯಲ್ಲಿ ಎಂಜಿನ್ ನಿಲ್ಲುತ್ತದೆ, ಕ್ರಮೇಣ ಆ ಭಾಗದಲ್ಲಿ ರೈಲು ಓಡಿಸುವುದೇ ನಿಂತುಹೋಗುತ್ತದೆ. ಕಾಲುಗಳ ಕೆಳಗೆ ಬ್ರೇಕ್ ಇರುವ ಗಾಲಿಗಳನ್ನು ಕೂಡಿಸಿ, ಇಡೀ ಹಲಗೆಯನ್ನು ಅರ್ಧ ಮೀಟರ್ ಮುಂದಕ್ಕೆ ಎಳೆದು ಹಿಂದೆ ನಿಂತು ಕೆಲಸ ಮಾಡುವಂತೆ ಮಾಡಿಕೊಳ್ಳಿ. ಗಾಲಿಯಿಂದ ಎತ್ತರ ಒಂದಿಷ್ಟು ಹೆಚ್ಚುವುದೂ ಒಳ್ಳೆಯದೇ, ಏಕೆಂದರೆ ಮಾದರಿ ರೈಲನ್ನು ಮೇಲಿನಿಂದ ನೋಡುವುದಕ್ಕಿಂತ ಕಣ್ಣಿನ ಮಟ್ಟಕ್ಕೆ ಹತ್ತಿರವಾಗಿ ನೋಡಿದಾಗ ಅದು ಹೆಚ್ಚು ನಿಜವೆನಿಸುತ್ತದೆ.

ಇನ್ನು ಯಾರ್ಡಿನಲ್ಲಿ ನಿಲ್ಲುವ ಎಂಜಿನ್. ಮರಳುಕಾಗದವನ್ನು ಇವತ್ತೇ ದೂರ ಇಡಿ. ಇಂದಿನ ಹಳಿಗಳು ಬಹುತೇಕ ನಿಕ್ಕಲ್ ಸಿಲ್ವರಿನವು. ಹೆಸರಿನಲ್ಲಿ ಬೆಳ್ಳಿ ಇದ್ದರೂ ಆ ಮಿಶ್ರಲೋಹದಲ್ಲಿರುವುದು ತಾಮ್ರ, ನಿಕ್ಕಲ್ ಮತ್ತು ಸತು. ಮರಳುಕಾಗದ ಅದರ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಬಿಡುತ್ತದೆ, ಚಕ್ರಗಳು ತರುವ ಕಪ್ಪು ಜಿಡ್ಡು ಆ ಗೀರುಗಳಲ್ಲೇ ಕೂರುತ್ತದೆ, ಆದ್ದರಿಂದ ಉಜ್ಜಿದಷ್ಟೂ ಬೇಗ ಹಳಿ ಮತ್ತೆ ಕೊಳೆಯಾಗುತ್ತದೆ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಒರೆಸುವುದು ಸಾಕು. ಹಳಿಯಷ್ಟೇ ಮುಖ್ಯವಾಗಿ ಚಕ್ರಗಳನ್ನೂ ಒರೆಸಿ. ಜಿಡ್ಡನ್ನು ಊರೆಲ್ಲ ಹಂಚುವುದು ಅವೇ.

ಆದರೆ ನಿಮ್ಮ ಎಂಜಿನ್ ಯಾರ್ಡಿನಲ್ಲಿ ಮಾತ್ರ ನಿಲ್ಲುತ್ತದೆ ಎಂದರೆ, ಕೊಳೆಗಿಂತ ಪಾಯಿಂಟುಗಳ ಮೇಲೆ ನನ್ನ ಅನುಮಾನ ಹೆಚ್ಚು. ಪಾಯಿಂಟಿನಲ್ಲಿ ಎರಡು ಹಳಿಗಳು ಒಂದನ್ನೊಂದು ದಾಟುವ, ವಿ ಆಕಾರದ ಜಾಗಕ್ಕೆ ಫ್ರಾಗ್ ಎನ್ನುತ್ತಾರೆ. ಅದು ಪ್ಲಾಸ್ಟಿಕ್ಕಿನದಾಗಿದ್ದರೆ, ಅಥವಾ ಲೋಹದ್ದಾಗಿದ್ದೂ ವಿದ್ಯುತ್ ಸಂಪರ್ಕವಿಲ್ಲದೆ ಸುಮ್ಮನೆ ಕೂತಿದ್ದರೆ, ಅಷ್ಟು ಉದ್ದದ ಹಳಿ ಸತ್ತ ಹಾಗೆ. ಎಂಟು ಚಕ್ರಗಳ ದೊಡ್ಡ ಎಂಜಿನ್ ಬೇರೆ ಚಕ್ರಗಳಿಂದ ವಿದ್ಯುತ್ ಪಡೆದು ಅದನ್ನು ದಾಟಿಬಿಡುತ್ತದೆ. ನಾಲ್ಕು ಚಕ್ರಗಳ ಚಿಕ್ಕ ಎಂಜಿನ್ನಿನ ಒಂದು ಬದಿಯ ಎರಡು ಚಕ್ರಗಳಲ್ಲಿ ಒಂದು ಸತ್ತ ಜಾಗದಲ್ಲಿದ್ದಾಗ ಆ ಬದಿಯಲ್ಲಿ ಉಳಿದ ಒಂದು ಚಕ್ರದ ಕೆಳಗೆ ಒಂದು ಕಣ ಕೊಳೆ ಸಿಕ್ಕರೂ ಅದು ನಿಲ್ಲುತ್ತದೆ. ಕೋಣೆಯ ದೀಪ ಮಂಕು ಮಾಡಿ, ಎಂಜಿನ್ನಿನ ಮುಂದೀಪ ಹಚ್ಚಿ, ಅತಿ ನಿಧಾನವಾಗಿ ಪಾಯಿಂಟಿನ ಮೇಲೆ ಸಾಗಿಸಿ ನೋಡಿ. ದೀಪ ಎಲ್ಲಿ ಮಿಣುಕುತ್ತದೆಯೋ ಅಲ್ಲಿ ಸೀಸದಕಡ್ಡಿಯಿಂದ ಸ್ಲೀಪರಿನ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ಫ್ರಾಗಿನ ಮೇಲೆ ಬಿದ್ದರೆ, ಪಾಯಿಂಟ್ ತಿರುಗಿದ ದಿಕ್ಕಿಗೆ ತಕ್ಕಂತೆ ಧ್ರುವ ಬದಲಿಸುವ ಸ್ವಿಚ್ಚಿನ ಮೂಲಕ ಲೋಹದ ಫ್ರಾಗಿಗೆ ತಂತಿ ಕೊಡಬೇಕು. ಪ್ಲಾಸ್ಟಿಕ್ಕಿನದಾದರೆ ಎಂಜಿನ್ನಿನೊಳಗೆ ಡಿಜಿಟಲ್ ಆದೇಶಗಳನ್ನು ಓದುವ ಡಿಕೋಡರಿನ ಪಕ್ಕ ವಿದ್ಯುತ್ ಹಿಡಿದಿಡುವ ಕೆಪಾಸಿಟರ್ ಅಳವಡಿಸಬೇಕು. ಗೆರೆ ಫ್ರಾಗಿಗಿಂತ ಹಿಂದೆ, ಸರಿಯುವ ನಾಲಿಗೆಹಳಿಯ ಮೇಲೆ ಬಿದ್ದರೆ ಕಾರಣ ಬೇರೆ: ಆ ನಾಲಿಗೆ ಪಕ್ಕದ ಹಳಿಗೆ ತಾಗುವುದರಿಂದಷ್ಟೇ ವಿದ್ಯುತ್ ಪಡೆಯುತ್ತಿದೆ, ತಾಗುವ ಮುಖ ಕೊಳೆಯಾದರೆ ಸಂಪರ್ಕ ಹೋಗುತ್ತದೆ, ಅದಕ್ಕೆ ಕೂದಲೆಳೆಯಂಥ ಬಾಗುವ ತಂತಿಯೊಂದನ್ನು ನೇರವಾಗಿ ಬೆಸೆದುಬಿಟ್ಟರೆ ತೊಂದರೆ ಶಾಶ್ವತವಾಗಿ ಹೋಯಿತು.

ಇದೇ ಸಂದರ್ಭದಲ್ಲಿ ಹಲಗೆಯ ಅಡಿಯ ತಂತಿಗಳನ್ನೂ ನೋಡಿಬಿಡಿ. ಹಳಿ ಜೋಡಿಸುವ ಲೋಹದ ಕ್ಲಿಪ್ಪುಗಳು ಹಳಿಗಳನ್ನು ಸಾಲಾಗಿ ಹಿಡಿಯಲು ಇರುವಂಥವು. ವಿದ್ಯುತ್ತಿಗೆ ಅವುಗಳನ್ನು ನೆಚ್ಚಿಕೊಳ್ಳಬಾರದು. ಹಲಗೆಯ ಅಡಿಯಲ್ಲಿ ದಪ್ಪ ತಂತಿಯ ಒಂದು ಜೋಡಿ ಉದ್ದಕ್ಕೂ ಸಾಗಿ, ಸುಮಾರು 90 ಸೆಂ.ಮೀ.ಗೆ ಒಂದರಂತೆ, ಎಂದರೆ ಬಾಗುವ ಹಳಿಯ ಪ್ರತಿ ತುಂಡಿಗೂ, ಅದರಿಂದ ಸಣ್ಣ ತಂತಿ ಮೇಲೆ ಬಂದು ಹಳಿಯ ಹೊರಮೈಗೆ ಬೆಸುಗೆಯಾಗಿರಬೇಕು. ಪರೀಕ್ಷೆ ಸುಲಭ: ಹಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆಯಾದ ಬೂಸ್ಟರಿನಿಂದ ಅತಿ ದೂರದ ಜಾಗದಲ್ಲಿ ಎರಡು ಹಳಿಗಳ ಮೇಲೆ ಅಡ್ಡಲಾಗಿ ಒಂದು ನಾಣ್ಯ ಇಡಿ. ಬೂಸ್ಟರ್ ಆ ಕ್ಷಣವೇ ವಿದ್ಯುತ್ ಕಡಿತ ಮಾಡಬೇಕು. ತಡಮಾಡಿದರೆ ನಾಣ್ಯವನ್ನು ತಕ್ಷಣ ತೆಗೆಯಿರಿ, ಆ ಭಾಗಕ್ಕೆ ತಂತಿ ಸಾಲದು ಎಂದು ತಿಳಿಯಿರಿ. ಹಾಗೇ ಬಿಟ್ಟರೆ ಮುಂದೊಂದು ದಿನ ಹಳಿ ತಪ್ಪಿದ ಎಂಜಿನ್ ಅಡ್ಡ ಬಿದ್ದಾಗ ಪೂರ್ತಿ ವಿದ್ಯುತ್ ಅದರ ಮೂಲಕ ಹರಿದು ಪ್ಲಾಸ್ಟಿಕ್ ಕರಗೀತು.

ಹಳಿ ತಪ್ಪುವ ಬೋಗಿಗಳ ವಿಷಯದಲ್ಲಿ ಸ್ವಲ್ಪ ಕಠಿಣವಾದ ಮಾತೊಂದನ್ನು ಹೇಳಬೇಕಾಗಿದೆ. ಎಚ್‌ಒ ಎಂದರೆ ನಿಜದ 87ರಲ್ಲಿ ಒಂದು ಭಾಗ. ನಿಮ್ಮ 56 ಸೆಂ.ಮೀ. ತ್ರಿಜ್ಯದ ತಿರುವನ್ನು ನಿಜದ ಅಳತೆಗೆ ಹಿಗ್ಗಿಸಿದರೆ ಸುಮಾರು 49 ಮೀಟರ್ ಆಗುತ್ತದೆ. 26 ಮೀಟರ್ ಉದ್ದದ ಪ್ರಯಾಣಿಕ ಬೋಗಿಯನ್ನು ಅಂಥ ತಿರುವಿನಲ್ಲಿ ಯಾವ ಮುಖ್ಯಮಾರ್ಗವೂ ತಿರುಗಿಸುವುದಿಲ್ಲ. ಅನುಭವಿಗಳು ಪಾಲಿಸುವ ಲೆಕ್ಕವೆಂದರೆ, ತ್ರಿಜ್ಯವು ಅತಿ ಉದ್ದದ ಬೋಗಿಯ ಎರಡೂವರೆ ಪಟ್ಟಿದ್ದರೆ ಬಹುತೇಕ ಎಲ್ಲವೂ ನೆಚ್ಚಿಕೆಯಿಂದ ಓಡುತ್ತವೆ, ಮೂರು ಪಟ್ಟಿದ್ದರೆ ನೋಡಲೂ ಚೆನ್ನಾಗಿರುತ್ತದೆ. ನಿಮ್ಮಲ್ಲಿ ಈ ಅನುಪಾತ ಎರಡಕ್ಕಿಂತಲೂ ಕಡಿಮೆ. ಬೋಗಿಗಳಿಗೆ ತಕ್ಕ 90 ಸೆಂ.ಮೀ. ತ್ರಿಜ್ಯ 1.5 ಮೀಟರ್ ಅಗಲದ ಹಲಗೆಯಲ್ಲಿ ಕೂರುವುದೇ ಇಲ್ಲ, ಆದ್ದರಿಂದ ಬಿಚ್ಚಿ ಮತ್ತೆ ಕಟ್ಟಿದರೂ ನೀವು ಇದೇ ತಿರುವಿಗೆ ಬಂದು ನಿಲ್ಲುತ್ತೀರಿ. ಬದಲಾಗಬೇಕಾದದ್ದು ಬೋಗಿಗಳು. ನಿಜದಲ್ಲಿ 18 ಮೀಟರ್ ಉದ್ದವಿದ್ದ ಹಳೆಯ ಕಾಲದ ಬೋಗಿಗಳ ಮಾದರಿ ಸುಮಾರು 21 ಸೆಂ.ಮೀ. ಆಗುತ್ತದೆ, ನಿಮ್ಮ ತ್ರಿಜ್ಯಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಂಥ ನಾಲ್ಕು ಬೋಗಿಗಳ ಸ್ಥಳೀಯ ರೈಲು ಈ ಅಳತೆಯ ಹಲಗೆಯ ಮೇಲೆ ಉದ್ದನೆಯ ಎಕ್ಸ್‌ಪ್ರೆಸ್ಸಿಗಿಂತ ಎಷ್ಟೋ ಸಹಜವಾಗಿ ಕಾಣುತ್ತದೆ. ಉದ್ದದ ಬೋಗಿಗಳನ್ನು ಮಾರಬೇಡಿ, ಎತ್ತಿಡಿ.

ಬೋಗಿ ಬದಲಾಯಿಸುವ ಮುನ್ನ ಹಳಿಯನ್ನು ಪರೀಕ್ಷಿಸುವುದು ನ್ಯಾಯ, ಏಕೆಂದರೆ ಚಿಕ್ಕ ಬೋಗಿಯನ್ನೂ ಕೆಡವಬಲ್ಲ ದೋಷಗಳು ಅಲ್ಲಿರಬಹುದು. ಕಣ್ಣು ಮುಚ್ಚಿ, ಬೆರಳ ತುದಿಯನ್ನು ಹಳಿಯ ಒಳ ಅಂಚಿಗೆ ತಾಗಿಸಿ ನಿಧಾನವಾಗಿ ಸರಿಸುತ್ತಾ ಹೋಗಿ. ಜೋಡಣೆಯ ಬಳಿ ಬೆರಳಿಗೆ ಒಂದು ಸಣ್ಣ ಮೆಟ್ಟಿಲು ಸಿಕ್ಕಿದರೆ ಚಕ್ರದ ಅಂಚಿಗೂ ಅದು ಸಿಗುತ್ತದೆ. ಅದನ್ನು ಕಿರುಅರದಿಂದ ಓರೆಯಾಗಿ ತೀಡಿ. ಬಾಗುವ ಹಳಿಯ ಎರಡು ತುಂಡುಗಳು ತಿರುವಿನಲ್ಲೇ ಕೂಡುವುದಾದರೆ ಅಲ್ಲಿ ಮೊಣಕೈಯಂತೆ ಮುರಿದ ಕೋನ ಉಂಟಾಗುವುದು ಸಾಮಾನ್ಯ, ಅಂಥ ಜೋಡಣೆಯನ್ನು ನೇರವಾಗಿಟ್ಟು ಮೊದಲು ಬೆಸೆದು ಆಮೇಲೆ ಬಾಗಿಸಬೇಕು. ಎಡತಿರುವು ಮುಗಿದ ಕೂಡಲೇ ಬಲತಿರುವು ಶುರುವಾಗುವ ಜಾಗ, ವಿಶೇಷವಾಗಿ ಸುತ್ತುಹಳಿಯಿಂದ ಯಾರ್ಡಿಗೆ ಹೊರಳುವ ಪಾಯಿಂಟಿನ ಬಾಯಿ, ಬೋಗಿಗಳ ಕೊಂಡಿಗಳನ್ನು ಎದುರು ದಿಕ್ಕುಗಳಿಗೆ ಎಳೆದು ಚಕ್ರವನ್ನು ಹಳಿಯಿಂದ ಎತ್ತಿಬಿಡುತ್ತದೆ. ಎರಡು ತಿರುವುಗಳ ನಡುವೆ ಒಂದು ಬೋಗಿಯ ಉದ್ದದಷ್ಟಾದರೂ ನೇರ ಹಳಿ ಇರಬೇಕು. ತೂಕವನ್ನೂ ನೋಡಿ. 1935ರಲ್ಲಿ ಸ್ಥಾಪನೆಯಾದ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ, ಎಂದರೆ ಎನ್‌ಎಮ್‌ಆರ್‌ಎ, ಎಚ್‌ಒ ಗಾಡಿಗಳಿಗೆ ಶಿಫಾರಸು ಮಾಡಿರುವ ತೂಕ ಮೊದಲಿಗೆ 1 ಔನ್ಸ್, ಆಮೇಲೆ ಪ್ರತಿ ಅಂಗುಲ ಉದ್ದಕ್ಕೆ ಅರ್ಧ ಔನ್ಸ್. ಎಂದರೆ 28 ಗ್ರಾಂ ಜೊತೆಗೆ ಸೆಂಟಿಮೀಟರಿಗೆ ಸುಮಾರು 5.6 ಗ್ರಾಂ. 15 ಸೆಂ.ಮೀ. ಉದ್ದದ ವ್ಯಾಗನ್ 112 ಗ್ರಾಂ ತೂಗಬೇಕು. ಇದಕ್ಕಿಂತ ತೀರ ಹಗುರವಾದ ಗಾಡಿ ರೈಲಿನ ನಡುವೆ ಇದ್ದರೆ ತಿರುವಿನಲ್ಲಿ ಒಳಕ್ಕೆ ಸೆಳೆಯಲ್ಪಟ್ಟು ಮಗುಚುತ್ತದೆ.

ಈಗ ಏರು. 2.4 ಮೀಟರಿಗೆ 9 ಸೆಂ.ಮೀ. ಎಂದರೆ ಶೇ 3.75, ಏರು ತಿರುವಿನಲ್ಲೇ ಇರುವುದರಿಂದ ಚಕ್ರಗಳ ಘರ್ಷಣೆ ಅದಕ್ಕೆ ಶೇ 1ಕ್ಕಿಂತ ಹೆಚ್ಚೇ ಸೇರಿಸುತ್ತದೆ, ಎಂಜಿನ್ನಿನ ಪಾಲಿಗೆ ಅದು ಶೇ 5ರ ಏರು. ನಿಜವಾದ ಮುಖ್ಯಮಾರ್ಗಗಳಲ್ಲಿ ಶೇ 2 ಇದ್ದರೇ ಕಡಿದಾದ ಏರು ಎನ್ನುತ್ತಾರೆ. ಎಂಜಿನ್ನಿನಲ್ಲಿ ದೋಷವಿಲ್ಲ. ಕೆಳಗಿನ ರೈಲಿಗೆ ಹಳಿಯ ನೆತ್ತಿಯಿಂದ ಸುಮಾರು 7.5 ಸೆಂ.ಮೀ. ತೆರವು ಬೇಕು, ಅದರ ಮೇಲೆ ಸೇತುವೆಯ ದಪ್ಪ ಬೇಕು, ಆದ್ದರಿಂದ 9 ಸೆಂ.ಮೀ. ಎತ್ತರವನ್ನು ಇಳಿಸುವ ಹಾಗಿಲ್ಲ. ಇಳಿಸಬಹುದಾದದ್ದು ಕೆಳಗಿನ ಹಳಿಯನ್ನು. ಹಿಂಭಾಗದಲ್ಲಿ ಎರಡೂ ಸುತ್ತುಹಳಿಗಳು ಸೇತುವೆಯ ಕೆಳಗೆ 3 ಸೆಂ.ಮೀ. ತಗ್ಗಿಗೆ ಇಳಿದು ಮತ್ತೆ ಮೇಲೆ ಬಂದರೆ ಕವಲು 6 ಸೆಂ.ಮೀ. ಮಾತ್ರ ಏರಿದರೆ ಸಾಕು, ಆಗ ಅದೇ 2.4 ಮೀಟರಿನಲ್ಲಿ ಏರು ಶೇ 2.5ಕ್ಕೆ ಬರುತ್ತದೆ. ಸುತ್ತುಹಳಿಗಳಿಗೆ ಶೇ 2ರ ಇಳಿತಕ್ಕೆ ಸೇತುವೆಯ ಎರಡೂ ಬದಿಯಲ್ಲಿ ಒಂದೂವರೆ ಮೀಟರ್, ಒಟ್ಟು 3 ಮೀಟರ್ ಬೇಕು. ನಿಮ್ಮ ಹೊರಸುತ್ತು ಸುಮಾರು 7 ಮೀಟರ್ ಇರುವುದರಿಂದ, ಹಿಂದಿನ ನೇರ ಭಾಗ ಮತ್ತು ಎರಡು ತುದಿಯ ತಿರುವುಗಳ ಒಂದಿಷ್ಟು ಭಾಗವನ್ನು ಬಳಸಿದರೆ ಮುಂದಿನ ಯಾರ್ಡನ್ನು ಮುಟ್ಟದೆಯೇ ಇದು ಆಗುತ್ತದೆ. ಗರಗಸ ಬೇಕೆಂದು ನಾನು ಹೇಳಿದ್ದು ಇಲ್ಲಿಗೇ: ಅಷ್ಟು ಉದ್ದಕ್ಕೆ ಹಳಿಗಳ ಎರಡೂ ಬದಿಯಲ್ಲಿ ಪ್ಲೈವುಡ್ಡನ್ನು ಸೀಳಿ, ಆ ಪಟ್ಟಿಯನ್ನು ತುದಿಗಳಲ್ಲಿ ಕಡಿಯದೆ ಉಳಿಸಿ, ನಡುವೆ ಕೆಳಕ್ಕೆ ಬಾಗಿಸಿ, ಅಡಿಯಿಂದ ಮರದ ತುಂಡುಗಳನ್ನು ಆನಿಸಿ ಸ್ಕ್ರೂ ಹಾಕಬೇಕು. ಅಡ್ಡ ಬರುವ ತೊಲೆಗಳನ್ನು ಅಷ್ಟೇ ತಗ್ಗಿಸಿಕೊಳ್ಳಬೇಕಾಗುತ್ತದೆ. ಪ್ಲೈವುಡ್ ತಾನಾಗಿ ಬಾಗುವುದರಿಂದ ಇಳಿತದ ಆರಂಭ ಮತ್ತು ಕೊನೆ ನಯವಾಗಿ ಬರುತ್ತವೆ, ಕೊಂಡಿಗಳು ಬಿಚ್ಚಿಕೊಳ್ಳುವುದಿಲ್ಲ. ಇಷ್ಟಾದ ಮೇಲೂ ಆ ಕವಲಿನಲ್ಲಿ ಮೂರು ಗಿಡ್ಡ ಬೋಗಿಗಳಿಗಿಂತ ಹೆಚ್ಚು ಎಳೆಸಲು ಹೋಗಬೇಡಿ.

ಜಲ್ಲಿ ಹಾಕುವುದನ್ನು ಇವೆಲ್ಲ ಮುಗಿಯುವವರೆಗೆ ತಡೆದಿಡಿ. ನನ್ನ ಮೊದಲ ಯಾರ್ಡಿನಲ್ಲಿ ನಾನು ಆತುರಪಟ್ಟೆ. ಜಲ್ಲಿ ಹರಡಿ, ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಸೇರಿಸಿದ ನೀರು ಚಿಮುಕಿಸಿ, ನೀರು ಬೆರೆಸಿದ ಬಿಳಿ ಅಂಟನ್ನು ಪಿಪೆಟ್ಟಿನಿಂದ ಹನಿಹನಿಯಾಗಿ ಬಿಡುತ್ತಾ ಹೋದೆ. ಅಂಟು ಕಲ್ಲುಗಳ ನಡುವೆ ತಾನಾಗಿ ಹರಿದು ಹೋಗುವುದನ್ನು ನೋಡುವುದೇ ಒಂದು ಸಂತೋಷ. ಅದು ಪಾಯಿಂಟುಗಳ ನಾಲಿಗೆಯ ಅಡಿಗೂ ಹರಿದಿತ್ತು. ಬೆಳಿಗ್ಗೆ ನೋಡಿದರೆ ಐದು ಪಾಯಿಂಟುಗಳಲ್ಲಿ ಒಂದೂ ಅಲುಗಲಿಲ್ಲ. ಬೆಚ್ಚನೆಯ ನೀರಿನಿಂದ ನೆನೆಸಿ ಎರಡನ್ನು ಬಿಡಿಸಿಕೊಂಡೆ, ಮೂರನ್ನು ಕತ್ತರಿಸಿ ತೆಗೆಯಬೇಕಾಯಿತು. ನಾಲಿಗೆಹಳಿಗಳ ಸುತ್ತ ಜಲ್ಲಿಯನ್ನು ಸ್ಲೀಪರಿನ ಮಟ್ಟಕ್ಕಿಂತ ಕೆಳಗಿಟ್ಟು, ಅಂಟನ್ನು ಅತಿ ಕಡಿಮೆ ಬಳಸಿ, ಒಣಗುವವರೆಗೆ ಅರ್ಧ ಗಂಟೆಗೊಮ್ಮೆ ಪಾಯಿಂಟನ್ನು ಆಚೀಚೆ ಸರಿಸುತ್ತಿರಬೇಕು ಎಂಬುದನ್ನು ನಾನು ಕಲಿತದ್ದು ಆ ಮೂರು ಪಾಯಿಂಟುಗಳಿಂದ.

ಇನ್ನು ನಿಮ್ಮ ಏಳು ತಿಂಗಳ ಮೌನ. ಬಿಚ್ಚಲೇ ಎಂದು ಕೇಳುವವರಿಗೆಲ್ಲ ನಾನು ಜಾನ್ ಅಲೆನ್ ಅವರ ಲೇಔಟಿನ ವಿಷಯ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಅವರು ಕಟ್ಟಿದ ಗೋರಿ ಆ್ಯಂಡ್ ಡಿಫೀಟೆಡ್ ಎಂಬ ಎಚ್‌ಒ ಲೇಔಟ್ ಈ ಹವ್ಯಾಸದಲ್ಲಿ ಬಹುಶಃ ಅತ್ಯಂತ ಹೆಸರಾದದ್ದು. ಅವರ ಮೊದಲ ಲೇಔಟ್ ಒಂದು ಮೇಜಿನಷ್ಟಿತ್ತು. ದೊಡ್ಡದನ್ನು ಕಟ್ಟುವಾಗ ಅವರು ಅದನ್ನು ಎಸೆಯದೆ ಹೊಸದರ ಒಂದು ಮೂಲೆಯಾಗಿ ಸೇರಿಸಿಕೊಂಡರು. 1973ರ ಜನವರಿಯಲ್ಲಿ ಅವರು ತೀರಿಕೊಂಡರು, ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಲೇಔಟಿನ ಬಹುಭಾಗ ಹಾಳಾಯಿತು. ಅಲೆನ್ ವೃತ್ತಿಯಿಂದ ಛಾಯಾಗ್ರಾಹಕರಾಗಿದ್ದು, ಕಟ್ಟುತ್ತಿದ್ದ ಕಾಲದುದ್ದಕ್ಕೂ ಚಿತ್ರ ತೆಗೆದು ಪ್ರಕಟಿಸಿದ್ದರಿಂದಲೇ ಇವತ್ತಿಗೂ ಜನ ಅದರಿಂದ ಕಲಿಯಲು ಸಾಧ್ಯವಾಗಿದೆ.

ಬಳಗದಲ್ಲಿ ಮುಗಿದ ಬೆಟ್ಟದ ಚಿತ್ರ ನೋಡಿದವರು ಮೆಚ್ಚುತ್ತಾರೆ, ಅಷ್ಟಕ್ಕೆ ನಿಲ್ಲುತ್ತದೆ. ಕೆಡುತ್ತಿರುವ ಹಳಿಯ ಚಿತ್ರ ನೋಡಿದವರು ಕಾರಣ ಹುಡುಕುತ್ತಾರೆ. ಬಣ್ಣದ ಕಾಗದದ ಅಂಟುಪಟ್ಟಿಯನ್ನು ಸಣ್ಣ ಚೂರುಗಳಾಗಿ ಕತ್ತರಿಸಿಟ್ಟುಕೊಳ್ಳಿ. ಹಳಿ ತಪ್ಪಿದಾಗಲೆಲ್ಲ ಆ ಜಾಗದ ಪಕ್ಕ ಒಂದು ಚೂರು ಅಂಟಿಸಿ, ಅದರ ಮೇಲೆ ಯಾವ ಗಾಡಿ, ಯಾವ ದಿಕ್ಕು, ಎಳೆಯುವಾಗಲೋ ತಳ್ಳುವಾಗಲೋ ಎಂದು ಬರೆಯಿರಿ. ಎಂಜಿನ್ ನಿಂತರೆ ಬೇರೆ ಬಣ್ಣದ ಚೂರು. ಎರಡು ಸಂಜೆ ಓಡಿಸಿದರೆ ಚೂರುಗಳು ಎಲ್ಲೆಂದರಲ್ಲಿ ಹರಡಿರುವುದಿಲ್ಲ, ಮೂರು ನಾಲ್ಕು ಜಾಗಗಳಲ್ಲಿ ಗುಂಪುಗೂಡಿರುತ್ತವೆ. ಒಂದೇ ಜಾಗದಲ್ಲಿ ಬೇರೆ ಬೇರೆ ಗಾಡಿಗಳ ಹೆಸರಿದ್ದರೆ ದೋಷ ಹಳಿಯಲ್ಲಿದೆ, ಬೇರೆ ಬೇರೆ ಜಾಗಗಳಲ್ಲಿ ಒಂದೇ ಗಾಡಿಯ ಹೆಸರಿದ್ದರೆ ದೋಷ ಅದರ ಚಕ್ರದಲ್ಲೋ ಕೊಂಡಿಯಲ್ಲೋ ಇದೆ. ಈ ಚೂರುಗಳಿರುವ ಹಲಗೆಯ ಚಿತ್ರವನ್ನೇ ಈ ತಿಂಗಳು ಕಳುಹಿಸಿ, ಜೊತೆಗೆ ತ್ರಿಜ್ಯ, ಏರು, ಬೋಗಿಯ ಉದ್ದ ಮತ್ತು ತೂಕವನ್ನು ಬರೆಯಿರಿ. ಕ್ಯಾಮೆರಾವನ್ನು ಹಳಿಯ ಮಟ್ಟಕ್ಕೆ ಇಳಿಸಿ ಉದ್ದಕ್ಕೆ ನೋಡುವಂತೆ ಒಂದು ಚಿತ್ರ ತೆಗೆದರೆ ಕಣ್ಣು ಕ್ಷಮಿಸಿಬಿಡುವ ಸೊಟ್ಟಗಳನ್ನು ಅದು ತೋರಿಸಿಕೊಡುತ್ತದೆ. ಮುಂದಿನ ತಿಂಗಳುಗಳಲ್ಲಿ ಕ್ಯಾಮೆರಾ ಇಟ್ಟ ಜಾಗ ಬದಲಿಸಬೇಡಿ. ಚೂರುಗಳು ಕಡಿಮೆಯಾಗುತ್ತಾ ಹೋಗುವುದು ಆಗ ಎಲ್ಲರಿಗೂ ಕಾಣುತ್ತದೆ.

ನಡುವೆ ಕೈಗೆ ಒಂದು ಚೆಂದದ ಕೆಲಸ ಬೇಕೆನಿಸುವುದು ಸಹಜ, ಅದಕ್ಕೆ ಯಾರ್ಡ್ ಇದೆ. ಪಾಯಿಂಟುಗಳು ಸರಿಹೋದ ಮೇಲೆ ಯಾರ್ಡಿನ ಮೂರು ಹಳಿಗಳನ್ನು ಇಂಗಲ್‌ನೂಕ್ ಎಂಬ ಶಂಟಿಂಗ್ ಆಟಕ್ಕೆ ಹೊಂದಿಸಿ: ಒಂದರಲ್ಲಿ ಐದು ವ್ಯಾಗನ್ನುಗಳಿಗೆ, ಉಳಿದೆರಡರಲ್ಲಿ ಮೂರು ಮೂರಕ್ಕೆ ಜಾಗ, ಎಂಜಿನ್ ಹಿಂದೆ ಮುಂದೆ ಆಡುವ ಹಳಿಯಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್ನುಗಳಿಗೆ ಜಾಗ. ಎಂಟು ವ್ಯಾಗನ್ನುಗಳಿಂದ ಚೀಟಿ ಎತ್ತಿ ಐದನ್ನು ಆರಿಸಿ, ಚೀಟಿಯ ಕ್ರಮದಲ್ಲೇ ಜೋಡಿಸಬೇಕು. ಹೀಗೆ 6,720 ಬೇರೆ ಬೇರೆ ರೈಲುಗಳಾಗುತ್ತವೆ. ಸುಮಾರು 1.75 ಮೀಟರ್ ಉದ್ದ ಸಾಕು, ನಿಮ್ಮ ಮುಂಭಾಗದಲ್ಲಿ ಅದು ಇದೆ. ಆ ಭಾಗದ ಹಳಿಗಳ ಪಕ್ಕೆಗಳಿಗೆ ತುಕ್ಕಿನ ಕಂದು ಬಣ್ಣ ಹಚ್ಚಿ, ನೆತ್ತಿಯನ್ನು ಹಸಿಯಿರುವಾಗಲೇ ಒರೆಸಿಬಿಡಿ. ಒಂದೇ ಸಂಜೆಯ ಈ ಕೆಲಸದಿಂದ ಆಟಿಕೆಯ ಹೊಳಪು ಹೋಗಿ ಅದು ರೈಲುಮಾರ್ಗವಾಗಿ ಕಾಣತೊಡಗುತ್ತದೆ. ಆ ಯಾರ್ಡಿನಲ್ಲಿ ಹತ್ತು ಸಲ ರೈಲು ಜೋಡಿಸಿ, ಒಮ್ಮೆಯೂ ಬೆರಳು ತಾಗಿಸದೆ ಮುಗಿದ ದಿನ ಅಲ್ಲಿ ಜಲ್ಲಿ ಹಾಕಲು ಶುರುಮಾಡಿ.